ಪರಭಕ್ಷಕ ನುಸಿಯ ಬಲ ಅದರ ಬೇಟೆಯ ಮೇವಿನಲ್ಲಿದೆ

ಪೀಡೆ ನಿಯಂತ್ರಣಕ್ಕೆಂದು ಸಾಕುವ ಪರಭಕ್ಷಕ ನುಸಿ ಎಷ್ಟು ಮೊಟ್ಟೆ ಇಡುತ್ತದೆ, ಎಷ್ಟು ಚುರುಕಾಗಿ ಬೇಟೆ ಹುಡುಕುತ್ತದೆ ಎಂಬುದು ಅದು ತಿಂದ ಬೇಟೆಯನ್ನು ಮಾತ್ರವಲ್ಲ, ಆ ಬೇಟೆ ಮೇಯ್ದ ಗಿಡವನ್ನೂ ಅವಲಂಬಿಸಿದೆ. ಫೈಟೋಸಿಯುಲಸ್ ಪರ್ಸಿಮಿಲಿಸ್‌ನ ಹೆಣ್ಣು ಹೊಟ್ಟೆತುಂಬ ಆಹಾರ ಸಿಕ್ಕರೆ ದಿನಕ್ಕೆ ನಾಲ್ಕೈದು ಮೊಟ್ಟೆ ಇಡುತ್ತದೆ. ಅದರ ಗಾತ್ರಕ್ಕೆ ಒಂದೊಂದು ಮೊಟ್ಟೆಯೂ ದೊಡ್ಡದೇ. ಹಾಗಾಗಿ ಆಹಾರ ಕಡಿಮೆಯಾದರೆ ಮೊದಲು ನಿಲ್ಲುವುದು ಮೊಟ್ಟೆ. ಹಸಿವು ಹೆಚ್ಚಿದರೆ ಒಂದನ್ನೊಂದು ತಿನ್ನುವುದೂ ಉಂಟು.

ಈ ಜಾತಿಗೂ ನಮ್ಮ ದೇಶದ ನಿಯೋಸಿಯುಲಸ್ ಲಾಂಜಿಸ್ಪೈನೋಸಸ್‌ಗೂ ಎರಡು ಚುಕ್ಕೆ ನುಸಿಯೇ ಒಗ್ಗಿದ ಆಹಾರ. ಸಾಮಾನ್ಯವಾಗಿ ಬೀನ್ಸ್ ಗಿಡದಲ್ಲಿ ಪೀಡೆ ನುಸಿಯನ್ನು ಬೆಳೆಸಿ, ಅದರ ಮೇಲೆ ಪರಭಕ್ಷಕವನ್ನು ಬಿಡುತ್ತಾರೆ. ಎಡವುವುದು ಇಲ್ಲಿಯೇ. ಎಲೆ ಹಳದಿಯಾಗಿ ಒಣಗುವವರೆಗೆ ಬಿಟ್ಟರೆ ಪೀಡೆ ನುಸಿ ಬಡವಾಗಿ ಮೊಟ್ಟೆ ಇಡುವುದು ಕಡಿಮೆಯಾಗುತ್ತದೆ. ಪರಭಕ್ಷಕಕ್ಕೆ ಬಲು ಇಷ್ಟ ಆ ಮೊಟ್ಟೆಗಳೇ. ಬೆಳೆಯಲ್ಲಿ ಹೆಚ್ಚು ಸಾರಜನಕ ಕೊಟ್ಟರೆ ನುಸಿ ಹೆಚ್ಚುತ್ತದೆಂದು ಎಚ್ಚರಿಸುವುದು ಸರಿ, ಆದರೆ ಸಾಕಣೆಯ ಬೀನ್ಸ್‌ಗೆ ಗೊಬ್ಬರ ಕಡಿತ ಮಾಡುವುದು ತಪ್ಪು ಉಳಿತಾಯ. ಕೀಟನಾಶಕ ಮಾತ್ರ ಅದರ ಹತ್ತಿರ ಸುಳಿಯಕೂಡದು.

ಬೀನ್ಸ್ ಮೇಲೆ ಬೆಳೆದ ಪರ್ಸಿಮಿಲಿಸ್ ಟೊಮೆಟೊದಲ್ಲಿ ಸೊರಗುತ್ತದೆ. ಎಲೆಯ ಅಂಟುರೋಮ ಒಂದು ಕಾರಣ, ಟೊಮೆಟೊ ರಸ ಹೀರಿದ ನುಸಿ ಅಷ್ಟು ಒಳ್ಳೆಯ ಆಹಾರವಲ್ಲ ಎಂಬುದು ಇನ್ನೊಂದು. ಕೆಲವು ತಲೆಮಾರು ಟೊಮೆಟೊದಲ್ಲೇ ಸಾಕಿದಾಗ ಫಲಿತಾಂಶ ಸುಧಾರಿಸಿದೆ.

ಥ್ರಿಪ್ಸ್, ಬಿಳಿನೊಣ ತಿನ್ನುವ ಆಂಬ್ಲಿಸಿಯಸ್ ಸ್ವಿರ್‌ಸ್ಕಿಯಂಥ ಜಾತಿಗಳಿಗೆ ಹಸಿರು ಗಿಡವೇ ಬೇಡ. ಗೋಧಿ ಬೂಸಾದಲ್ಲಿ ಬೆಳೆಸಿದ ದಾಸ್ತಾನು ನುಸಿ ಸಾಕು. ಆ ಬೂಸಾಕ್ಕೆ ಯೀಸ್ಟ್ ಬೆರೆಸಿದರೆ ದಾಸ್ತಾನು ನುಸಿ ಪುಷ್ಟವಾಗುತ್ತದೆ, ಅದರಿಂದ ಪರಭಕ್ಷಕವೂ. ಇವು ಪರಾಗವನ್ನೂ ತಿನ್ನುತ್ತವೆ. ಕೆರೆಯಂಚಿನ ಆಪಿನ ಪರಾಗವನ್ನು ಇದಕ್ಕೆ ಬಳಸಬಹುದು. ಆದರೆ ಎಲ್ಲ ಪರಾಗವೂ ಒಂದೇ ಅಲ್ಲ. ನೆದರ್‌ಲ್ಯಾಂಡ್ಸ್‌ನಲ್ಲಿ 1980ರ ದಶಕದಲ್ಲಿ ನಡೆದ ಅಧ್ಯಯನಗಳಲ್ಲಿ, ಕ್ಯಾರೊಟಿನಾಯ್ಡ್ ಕಡಿಮೆ ಇರುವ ಬಾಕ್ಲಾ ಪರಾಗವನ್ನಷ್ಟೇ ತಿಂದ ಕೆಲವು ಪರಭಕ್ಷಕ ನುಸಿಗಳು ಹಗಲು ಚಿಕ್ಕದಾದರೂ ಚಳಿಗಾಲದ ಸುಪ್ತಾವಸ್ಥೆಗೆ ಹೋಗಲಿಲ್ಲ. ಬೀಟಾ ಕ್ಯಾರೊಟಿನ್ ಸೇರಿಸಿದಾಗ ಆ ಗುಣ ಮರಳಿತು.

ಪಾಲಿಹೌಸ್‌ಗೆ ತರಿಸಿದ ನುಸಿಯನ್ನು ಅಂದೇ ಸಂಜೆ ಬಿಡಬೇಕು. ಪೊಟ್ಟಣದಿಂದ ಸ್ವಲ್ಪವನ್ನು ಬಿಳಿ ಹಾಳೆಯ ಮೇಲೆ ಸುರಿದು ಭೂತಗನ್ನಡಿಯಲ್ಲಿ ನೋಡಿದರೆ, ಮೈ ತುಂಬಿಕೊಂಡು ಓಡಾಡುವವು ಚೆನ್ನಾಗಿ ತಿಂದವು. ಚಪ್ಪಟೆಯಾಗಿ, ಮಂದವಾಗಿ ತೆವಳುವವು ದಾರಿಯಲ್ಲಿ ಹಸಿದವು.