ಬಟ್ಟೆ ಒಣಗಿಸುವ ಯಂತ್ರ: ಟೈಮರ್ ವಿಧಾನವೋ, ಸ್ವಯಂಚಾಲಿತ ವಿಧಾನವೋ?

ತುರುವನೂರಿನಂತಹ ಬಯಲುಸೀಮೆಯ ಊರುಗಳಲ್ಲಿ ಬೇಸಿಗೆಯ ಬಿಸಿಲು, ಗಾಳಿಗೆ ಹಗ್ಗದ ಮೇಲಿನ ಬಟ್ಟೆ ಬೇಗನೆ ಒಣಗುತ್ತದೆ. ಅಲ್ಲಿಯವರೆಗೆ ಯಂತ್ರಕ್ಕೆ ಖರ್ಚು ಮಾಡಬೇಕಾಗಿಲ್ಲ. ಆದರೆ ಮಳೆಗಾಲದಲ್ಲಿ ವಸತಿಗೃಹ, ಆಸ್ಪತ್ರೆಗಳ ಬಟ್ಟೆ ಒಗೆದುಕೊಡುವ ಘಟಕಗಳಿಗೂ, ನೆರೆಯ ಬಳ್ಳಾರಿಯ ಜೀನ್ಸ್ ಉದ್ಯಮದಂತೆ ಸಿದ್ಧ ಉಡುಪನ್ನು ಒಗೆದು ಮಾರುಕಟ್ಟೆಗೆ ಕಳುಹಿಸುವವರಿಗೂ ಡ್ರೈಯರ್ ಬೇಕೇ ಬೇಕು. ಅದನ್ನು ನಡೆಸುವ ವಿಧಾನದಲ್ಲಿಯೇ ಲಾಭ-ನಷ್ಟ ಅಡಗಿದೆ.

ಎರಡು ವಿಧಾನಗಳು

ಟೈಮರ್ ವಿಧಾನದಲ್ಲಿ ನಾವು ಗೊತ್ತುಪಡಿಸಿದಷ್ಟು ನಿಮಿಷ ಯಂತ್ರ ಓಡುತ್ತದೆ. ಬಟ್ಟೆ ಒಣಗಿದೆಯೇ ಎಂಬುದು ಅದಕ್ಕೆ ತಿಳಿಯದು. ಸ್ವಯಂಚಾಲಿತ ವಿಧಾನದಲ್ಲಿ ಡ್ರಮ್ಮಿನೊಳಗಿನ ಲೋಹದ ಪಟ್ಟಿಗಳಿಗೆ ಒದ್ದೆ ಬಟ್ಟೆ ತಗುಲಿದಾಗ ಅಲ್ಪ ವಿದ್ಯುತ್ ಹರಿಯುತ್ತದೆ. ತೇವ ಕಡಿಮೆಯಾದಂತೆ ಹರಿವು ಕುಗ್ಗಿ ಯಂತ್ರ ನಿಲ್ಲುತ್ತದೆ. ಕೆಲವು ಯಂತ್ರಗಳು ಹೊರಹೋಗುವ ಗಾಳಿಯ ಉಷ್ಣತೆಯಿಂದ ಇದನ್ನು ಅರಿಯುತ್ತವೆ.

ನಷ್ಟವಾಗುವುದೆಲ್ಲಿ?

ಒಂದು ಕೆ.ಜಿ. ನೀರು ಆವಿಯಾಗಲು ಸುಮಾರು 0.65 ಯೂನಿಟ್ ಶಕ್ತಿ ಬೇಕು. 10 ಕೆ.ಜಿ. ಬಟ್ಟೆ ಹಿಂಡಿದ ಮೇಲೆ 16 ಕೆ.ಜಿ. ತೂಗಿದರೆ, 6 ಕೆ.ಜಿ. ನೀರಿಗೆ ಸುಮಾರು 4 ಯೂನಿಟ್. ಯಂತ್ರದ ಶಾಖನಷ್ಟ ಬೇರೆ. ಹತ್ತಿಬಟ್ಟೆಯಲ್ಲಿ ಸಹಜವಾಗಿಯೇ ಶೇ. 7-8ರಷ್ಟು ತೇವಾಂಶವಿರುತ್ತದೆ. ಟೈಮರ್ ಹೆಚ್ಚಾಗಿ ಇಟ್ಟು ಅದನ್ನೂ ಓಡಿಸಿದರೆ ಬಟ್ಟೆ ಮತ್ತೆ ಗಾಳಿಯಿಂದ ಅದನ್ನು ಹೀರಿಕೊಳ್ಳುತ್ತದೆ. ಶಕ್ತಿ ವ್ಯರ್ಥವಾಗುವುದಲ್ಲದೆ ನೂಲು ಸವೆದು, ಬಟ್ಟೆ ಕುಗ್ಗಿ, ಗ್ರಾಹಕರ ದೂರು ಬರುತ್ತದೆ.

ಯಾವುದು ಎಲ್ಲಿ?

ಹಾಸಿಗೆಯ ಹೊದಿಕೆ, ಟವೆಲ್ ಮುಂತಾದ ಒಂದೇ ಬಗೆಯ ಬಟ್ಟೆಗಳ ತುಂಬಿದ ಹೊರೆಗೆ ಸ್ವಯಂಚಾಲಿತ ವಿಧಾನವೇ ಮೇಲು. ನಾಲ್ಕಾರು ಬಟ್ಟೆ ಮಾತ್ರ ಇದ್ದರೆ ಅವು ಪಟ್ಟಿಗೆ ಸರಿಯಾಗಿ ತಗುಲುವುದಿಲ್ಲ. ಜೀನ್ಸ್‌ನಲ್ಲಿ ಕಾಲಿನ ಭಾಗ ಒಣಗಿದರೂ ಸೊಂಟಪಟ್ಟಿ, ಜೇಬು ಒದ್ದೆಯಾಗಿಯೇ ಇರಬಹುದು. ಇಂತಹವಕ್ಕೆ ಕೊನೆಯಲ್ಲಿ 10 ನಿಮಿಷದ ಟೈಮರ್ ಸಾಕು. ದಪ್ಪ, ತೆಳು ಬಟ್ಟೆಗಳನ್ನು ಬೆರೆಸಬಾರದು.

ಅನುಸರಿಸಬೇಕಾದ ಕ್ರಮ

1. ಒಗೆಯುವ ಮುನ್ನ ಒಣ ಬಟ್ಟೆಯ ತೂಕ ಬರೆದಿಡಿ. ಒಣಗಿಸಿದ ನಂತರದ ತೂಕ ಅದಕ್ಕಿಂತ ಕಡಿಮೆಯಾದರೆ ಯಂತ್ರ ಹೆಚ್ಚು ಓಡಿದೆ ಎಂದರ್ಥ.
2. ಚೆನ್ನಾಗಿ ಹಿಂಡಿರಿ. ಹಿಂಡಿ ತೆಗೆದ ನೀರಿಗೆ ಶಾಖದ ಖರ್ಚಿಲ್ಲ.
3. ಬಟ್ಟೆ ಮೃದುಗೊಳಿಸುವ ದ್ರಾವಣದ ಲೇಪ ಪಟ್ಟಿಗಳ ಮೇಲೆ ಕೂರದಂತೆ ಆಗಾಗ ಒರೆಸಿರಿ.
4. ಪ್ರತಿ ಹೊರೆಯ ನಂತರ ನಾರುಧೂಳಿನ ಜಾಲರಿ ತೆಗೆದು ಶುಚಿಗೊಳಿಸಿ. ಬಿಸಿ ಬಟ್ಟೆಯನ್ನು ಆರಿಸದೆ ರಾಶಿ ಹಾಕಬೇಡಿ; ಎರಡೂ ಬೆಂಕಿಗೆ ಕಾರಣವಾಗಬಲ್ಲವು.

ಹೊಸ ಯಂತ್ರ ಕೊಳ್ಳುವ ಮೊದಲು, ಇರುವ ಯಂತ್ರದ ಪಕ್ಕದಲ್ಲಿ ಒಂದು ತಕ್ಕಡಿ ಇಟ್ಟು ಒಂದು ತಿಂಗಳ ಲೆಕ್ಕ ಬರೆಯುವುದು ಉದ್ದಿಮೆದಾರರಿಗೆ ಹಿತಕರ.