ಟ್ರ್ಯಾಕ್ಟರಿನ ಡೀಸೆಲ್ ಮಾಪಕ ಕೆಟ್ಟಾಗ

ಮುಂಗಾರಿನ ಮಳೆ ಬಿದ್ದು ಕೆಂಪು ಜಮೀನು ಹದಕ್ಕೆ ಬಂದಾಗ ಉಳುಮೆಗೆ ಸಿಗುವ ಕಾಲ ಕೆಲವೇ ದಿನ. ಆಗ ಮಾಪಕದ ಮುಳ್ಳು ಅರ್ಧ ಟ್ಯಾಂಕ್ ತೋರಿಸುತ್ತಿದ್ದರೂ ಡೀಸೆಲ್ ಮುಗಿದು ಟ್ರ್ಯಾಕ್ಟರ್ ಹೊಲದ ನಡುವೆ ನಿಂತರೆ, ಡೀಸೆಲ್ ತಂದು ಸುರಿದ ಮಾತ್ರಕ್ಕೆ ಕೆಲಸ ಮುಂದುವರಿಯುವುದಿಲ್ಲ. ಕೊಳವೆಗಳಲ್ಲಿ ಸೇರಿದ ಗಾಳಿಯನ್ನು ಹೊರಹಾಕುವವರೆಗೆ ಎಂಜಿನ್ ಚಾಲೂ ಆಗದು. ಅಷ್ಟರಲ್ಲಿ ಹದ ಆರಿಹೋಗುತ್ತದೆ. ಹಳೆಯ ಟ್ರ್ಯಾಕ್ಟರುಗಳಲ್ಲಿ ಸಾಮಾನ್ಯವಾದ ಈ ದೋಷವನ್ನು ರೈತರು ತಾವೇ ಪತ್ತೆ ಮಾಡಬಹುದು.

ಮಾಪಕ ಕೆಲಸ ಮಾಡುವ ಬಗೆ

ಟ್ಯಾಂಕಿನೊಳಗೆ ಒಂದು ತೇಲುಬುರುಡೆ ಇರುತ್ತದೆ. ಡೀಸೆಲ್ ಮಟ್ಟ ಏರಿಳಿದಂತೆ ಅದರ ತೋಳು ಒಂದು ನಿರೋಧಕ ತಂತಿಯ ಮೇಲೆ ಜಾರುತ್ತದೆ. ಇದಕ್ಕೆ ಸೆಂಡರ್ ಎಂದು ಹೆಸರು. ೧೨ ವೋಲ್ಟ್ ಬ್ಯಾಟರಿಯಿಂದ ಹೊರಟ ವಿದ್ಯುತ್ತು ಕೀ, ಫ್ಯೂಸ್, ಮಾಪಕ ಮತ್ತು ಸೆಂಡರುಗಳ ಮೂಲಕ ಹಾದು ಟ್ರ್ಯಾಕ್ಟರಿನ ಚಾಸಿಗೆ, ಅಂದರೆ ಅರ್ಥಿಗೆ, ಸೇರುತ್ತದೆ. ಈ ದಾರಿಯಲ್ಲಿ ಎಲ್ಲಿ ಅಡ್ಡಿಯಾದರೂ ಮುಳ್ಳು ಸುಳ್ಳು ಹೇಳುತ್ತದೆ.

ದೋಷ ಪತ್ತೆ ಮಾಡುವ ಕ್ರಮ

೧. ಮೊದಲು ಫ್ಯೂಸ್ ನೋಡಬೇಕು. ಡೀಸೆಲ್ ಮಾಪಕದ ಜೊತೆಗೆ ಉಷ್ಣ ಮಾಪಕವೂ ತಪ್ಪು ತೋರಿಸುತ್ತಿದ್ದರೆ ಎರಡಕ್ಕೂ ಸಾಮಾನ್ಯವಾದ ಫ್ಯೂಸ್, ತಂತಿ ಅಥವಾ, ಇದ್ದರೆ, ವೋಲ್ಟೇಜ್ ಸ್ಥಿರಕಾರಿಯನ್ನು ಸಂಶಯಿಸಬೇಕು.

೨. ಸೆಂಡರಿನ ಲೋಹದ ಮುಚ್ಚಳಕ್ಕೂ ಚಾಸಿಗೂ ಒಂದು ತಂತಿ ಜೋಡಿಸಿ, ಬಳಿಕ ಕೀ ಹಾಕಬೇಕು. ಮುಳ್ಳು ಸರಿಯಾದರೆ ದೋಷ ಅರ್ಥಿನದು. ತುಕ್ಕು, ಬಣ್ಣ, ಮಣ್ಣನ್ನು ಉಜ್ಜಿ ತೆಗೆದು ಬಿಗಿಯಾಗಿ ಜೋಡಿಸಿದರೆ ಸಾಕು.

೩. ಸರಿಯಾಗದಿದ್ದರೆ ಕೀ ತೆಗೆದು, ಸೆಂಡರಿನ ತಂತಿಯನ್ನು ಬಿಡಿಸಿ, ಮತ್ತೆ ಕೀ ಹಾಕಬೇಕು. ಮುಳ್ಳು ಒಂದು ತುದಿಗೆ ನಿಲ್ಲುತ್ತದೆ. ಕೀ ತೆಗೆದು ಅದೇ ತಂತಿಯನ್ನು ಚಾಸಿಗೆ ಜೋಡಿಸಿ ಪುನಃ ಕೀ ಹಾಕಿದರೆ ಮುಳ್ಳು ಇನ್ನೊಂದು ತುದಿಗೆ ಹೋಗಬೇಕು. ತುದಿ ಮುಟ್ಟಿದ ಕೂಡಲೆ ಕೀ ತೆಗೆಯಬೇಕು. ಇಲ್ಲವಾದರೆ ಮಾಪಕ ಸುಟ್ಟೀತು.

ಎರಡೂ ತುದಿಗೆ ಹೋದರೆ ಮಾಪಕ ಮತ್ತು ತಂತಿ ಸರಿಯಾಗಿವೆ, ದೋಷ ಸೆಂಡರಿನಲ್ಲಿದೆ. ಮುಳ್ಳು ಅಲುಗದಿದ್ದರೆ ಮಾಪಕಕ್ಕೆ ವಿದ್ಯುತ್ತು ಬರುತ್ತಿದೆಯೇ ಎಂದು ಪರೀಕ್ಷಾ ದೀಪದಿಂದ ನೋಡಬೇಕು. ವಿದ್ಯುತ್ತು ಬರುತ್ತಿದ್ದು, ಸೆಂಡರಿಗೆ ಹೋಗುವ ತಂತಿಯೂ ತುಂಡಾಗಿರದಿದ್ದರೆ ಮಾಪಕವನ್ನೇ ಬದಲಾಯಿಸಬೇಕು.

ಸೆಂಡರಿನ ದುರಸ್ತಿ

ಬ್ಯಾಟರಿಯ ಸಂಪರ್ಕ ತೆಗೆದು, ಡೀಸೆಲನ್ನು ಸೆಂಡರಿನ ಮಟ್ಟಕ್ಕಿಂತ ಕೆಳಗೆ ಇಳಿಸಿಕೊಳ್ಳಬೇಕು. ಸುತ್ತಲಿನ ಮಣ್ಣನ್ನು ಒರೆಸಿ, ಮುಚ್ಚಳ ಕುಳಿತಿದ್ದ ದಿಕ್ಕನ್ನು ಗುರುತು ಹಾಕಿ ಹೊರತೆಗೆಯಬೇಕು. ಬುರುಡೆಯನ್ನು ಅಲುಗಿಸಿದಾಗ ಒಳಗೆ ಡೀಸೆಲ್ ಸದ್ದಾದರೆ ಅದು ತೂತಾಗಿದೆ. ಬೆಸುಗೆ ಹಾಕದೆ ಹೊಸದನ್ನು ಹಾಕಬೇಕು. ಓಂ ಮಾಪಕ ಜೋಡಿಸಿ ತೋಳನ್ನು ನಿಧಾನವಾಗಿ ಎತ್ತಿ ಇಳಿಸಬೇಕು. ಅಂಕಿ ಕ್ರಮವಾಗಿ ಬದಲಾಗದೆ ನಡುವೆ ಕಡಿದುಹೋದರೆ ನಿರೋಧಕ ತಂತಿ ಸವೆದಿದೆ ಎಂದು ತಿಳಿಯಬೇಕು.

ಹೊಸ ಸೆಂಡರ್ ಕೊಳ್ಳುವಾಗ ಹಳೆಯದನ್ನು ಜೊತೆಯಲ್ಲಿ ಒಯ್ಯುವುದು ಲೇಸು. ಕೆಲವು ೧೦ರಿಂದ ೧೮೦ ಓಂ, ಕೆಲವು ೨೪೦ರಿಂದ ೩೩ ಓಂ ಅಳತೆಯವು. ಮಾಪಕಕ್ಕೆ ಹೊಂದದ ಸೆಂಡರ್ ಹೊಸದಾದರೂ ತಪ್ಪನ್ನೇ ತೋರಿಸುತ್ತದೆ. ಸಾಮಾನ್ಯ ರಬ್ಬರ್ ಡೀಸೆಲಿನಲ್ಲಿ ಉಬ್ಬುವುದರಿಂದ ಅದಕ್ಕೆ ತಕ್ಕ ವಾಷರನ್ನೇ ಬಳಸಬೇಕು.

ಎಚ್ಚರಿಕೆ: ಟ್ಯಾಂಕಿನ ಬಳಿ ಬೀಡಿ, ದೀಪ, ಕಿಡಿ ಕೂಡದು. ಪೆಟ್ರೋಲ್ ವಾಹನಗಳಲ್ಲಿ ಟ್ಯಾಂಕಿನ ಬಳಿಯ ಕೆಲಸವನ್ನು ಮೆಕ್ಯಾನಿಕ್ಕಿಗೇ ಬಿಡಬೇಕು.

ಅಲ್ಲಿಯವರೆಗೆ

ಹದದ ದಿನಗಳಲ್ಲಿ ದುರಸ್ತಿಗೆ ಬಿಡುವಿಲ್ಲದಿದ್ದರೆ ಅಳತೆ ಕೋಲು ಸಾಕು. ಟ್ರ್ಯಾಕ್ಟರನ್ನು ಸಮನೆಲದಲ್ಲಿ ನಿಲ್ಲಿಸಿ, ಬರಿದಾದ ಟ್ಯಾಂಕಿಗೆ ೫ ಲೀಟರಿನಂತೆ ಡೀಸೆಲ್ ಸುರಿಯುತ್ತ, ಪ್ರತಿ ಸಲವೂ ಶುಭ್ರವಾದ ಒಣ ಕೋಲನ್ನು ಅದ್ದಿ ಗೆರೆ ಕೊರೆಯಬೇಕು. ಕೊನೆಯ ಗೆರೆಗೆ ಇಳಿಯುವ ಮೊದಲೇ ಡೀಸೆಲ್ ತುಂಬಬೇಕು. ಸಂಜೆ ಕೆಲಸ ಮುಗಿದೊಡನೆ ಟ್ಯಾಂಕ್ ತುಂಬಿಟ್ಟರೆ ರಾತ್ರಿಯ ತಂಪಿಗೆ ಒಳಗೆ ನೀರಿನ ಹನಿ ಕಟ್ಟುವುದೂ ಕಡಿಮೆಯಾಗುತ್ತದೆ. ಮಾಪಕ ಸರಿಯಾದ ಮೇಲೂ ಈ ಕೋಲನ್ನು ಎಸೆಯದೆ ಇಟ್ಟುಕೊಂಡರೆ, ಮುಳ್ಳು ನಿಜ ಹೇಳುತ್ತಿದೆಯೇ ಎಂದು ಆಗಾಗ ತಾಳೆ ನೋಡಬಹುದು.