ಕೃಷ್ಣಾ ತಳಿ ಬೆರಕೆಯೇ?

ನಿಮ್ಮ ಕೃಷ್ಣಾ ತಳಿಯ ಹೋರಿಯನ್ನು ಊರವರು ‘ಬೆರಕೆ’ ಎಂದರೆ ಆ ಮಾತು ಪೂರ್ತಿ ಸುಳ್ಳೇನಲ್ಲ. 19ನೇ ಶತಮಾನದ ಕೊನೆಯಲ್ಲಿ ದಕ್ಷಿಣ ಮರಾಠಾ ಸೀಮೆಯ ಸಂಸ್ಥಾನಿಕರು, ಜಿಗುಟಾದ ಎರೆಹೊಲ ಉಳಲು ದೈತ್ಯ ಎತ್ತುಗಳು ಬೇಕೆಂದು, ಗಿರ್, ಓಂಗೋಲ್, ಕಾಂಕ್ರೇಜ್ ತಳಿಗಳ ರಕ್ತವನ್ನು ನಾಡದನಗಳಿಗೆ ಬೆರೆಸಿದ್ದರಿಂದಲೇ ಈ ತಳಿ ಹುಟ್ಟಿತೆಂದು ಪಶುತಜ್ಞರು ಹೇಳುತ್ತಾರೆ. ಆದರೆ ಶುದ್ಧ ತಳಿ ಎಂದರೆ ಎಂದೂ ಬೆರೆಯದ್ದು ಎಂದಲ್ಲ. ತಲೆಮಾರುಗಳ ಆಯ್ಕೆಯಿಂದ ಗುಣ ನೆಲೆಗೊಂಡು, ಕರುಗಳು ತಂದೆತಾಯಿಯನ್ನೇ ಹೋಲಬೇಕು, ಅಷ್ಟೆ. ಕರ್ನಾಲದ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಬ್ಯೂರೊ ಕೃಷ್ಣಾವನ್ನು ಪ್ರತ್ಯೇಕ ತಳಿಯೆಂದೇ ನೋಂದಾಯಿಸಿದೆ.

ಹಾಗಾದರೆ ಈಗ ಜರ್ಸಿ ಬೆರೆಸಿದರೆ ತಪ್ಪೇನು ಎನ್ನಬಹುದು. ಬೆರೆಸುವುದು ಪಾಪವಲ್ಲ, ಆದರೆ ಉಳಿದಿರುವ ಕೃಷ್ಣಾ ದನಗಳೇ ತೀರ ಕಡಿಮೆ, ಅವುಗಳ ಹೊಟ್ಟೆಯಲ್ಲೂ ಜರ್ಸಿ ಬೆರಕೆ ಕರುಗಳೇ ಹುಟ್ಟಿದರೆ ಮುಂದಿನ ಪೀಳಿಗೆಗೆ ತಳಿಯೇ ಇರದು. ಹಾಗಾಗಿ ಹೋರಿಯನ್ನು ದಯವಿಟ್ಟು ಮಾರಬೇಡಿ. ರಕ್ತಸಂಬಂಧವಿಲ್ಲದ ಕೃಷ್ಣಾ ಹಸುಗಳಿಗೆ ಬಿಡಿ, ಹುಟ್ಟಿದ ಕರುಗಳ ಲೆಕ್ಕ ಬರೆದಿಡಿ.